ಸಯಾಮ್ ಹೋಟೆಲಿನ ಭರಣಿ

ಗಂಗಮ್ಮನವರೇ, ಅಂದು ನನಗೆ ನೆನಪಿತ್ತು.

ನೀವು ನಮ್ಮ ಮನೆ ಬಾಗಿಲಿಗೆ ಬಂದು ಕೇಳಿದಾಗ 'ನೆನಪಿಲ್ಲಮ್ಮ' ಎಂದೆನಲ್ಲ — ಅದು ಸುಳ್ಳು. ನಿಮ್ಮ ಯಜಮಾನರ ಹೋಟೆಲಿನ ಭರಣಿಯಲ್ಲಿ ಏನಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ನೋಡಿದ್ದೆ, ಮೂಸಿದ್ದೆ, ಬೆರಳಿಗೆ ಹಚ್ಚಿಕೊಂಡು ನೆಕ್ಕಿದ್ದೆ. ಹುರುಳಿ, ಉಪ್ಪು, ನೀರು. ಅಷ್ಟೇ. ಮೀನಿನ ಸೋಂಕೂ ಅದರಲ್ಲಿರಲಿಲ್ಲ.

ಇಷ್ಟನ್ನು ಬರೆಯಲು ಇಷ್ಟು ವರ್ಷ ಏಕೆ ಬೇಕಾಯಿತು ಎಂದು ನೀವು ಕೇಳಬಹುದು. ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುವವನು. ಮೈಸೂರಿನಲ್ಲಿ ಓದುತ್ತಿದ್ದ ಕಾಲದಿಂದಲೂ, ಕಣ್ಣಾರೆ ಕಂಡದ್ದನ್ನು ಕೂಡ ಅನುಮಾನಿಸುವುದು ನನಗೊಂದು ಚಟ. ಆ ಚಟ ಈ ವಿಷಯದಲ್ಲಿ ಬಹಳ ಅನುಕೂಲಕ್ಕೆ ಬಂತು. ಭರಣಿಯನ್ನು ನಾನು ನೋಡಿದ್ದು ಹೋಟೆಲಿನಲ್ಲಿ ಆ ಮೀನಿನ ಮಾತನ್ನು ಆಡುವುದಕ್ಕೆ ಮೊದಲೋ, ಆಮೇಲೋ — ಆಮೇಲೆ ಇದ್ದಿರಬಹುದಲ್ಲ? ಹಾಗಿದ್ದರೆ ನಾನು ತಿಳಿಯದೆ ಆಡಿದಂತಾಯಿತಲ್ಲ? ಹೀಗೆ ನನ್ನ ನೆನಪು ವರ್ಷವರ್ಷವೂ ನನ್ನ ಪರವಾಗಿ ವಾದ ಮಾಡುತ್ತಾ ಬಂತು. ಅದರ ವಾದ ಕೇಳಿ ಕೇಳಿ ನನಗೇ ರೋಸಿಹೋಗಿದೆ.

ಇದನ್ನು ಓದುವ ಬೇರೆಯವರಿಗೂ ತಿಳಿಯಲಿ. ನಿಮ್ಮ ಯಜಮಾನರು, ಹೊನ್ನವಳ್ಳಿಯ ನಂಜುಂಡಣ್ಣ, ಹರೆಯದಲ್ಲಿ ಬೊಂಬಾಯಿ ಸೇರಿ, ಒಬ್ಬ ಜವಳಿ ವ್ಯಾಪಾರಿಯ ಮನೆಯ ಅಡುಗೆಯವನಾಗಿ ಬ್ಯಾಂಕಾಕಿಗೆ ಹೋದವರು. ಆ ಮನೆಯವರು ಮಾಂಸ ಮೀನು ಮುಟ್ಟುತ್ತಿರಲಿಲ್ಲ, ಆದರೆ ಆ ದೇಶದ ಸಾರು ಪಲ್ಯಗಳ ರುಚಿ ಅವರ ನಾಲಿಗೆಗೆ ಹತ್ತಿತ್ತು. ಅಲ್ಲಿಯವರು ಪ್ರತಿಯೊಂದಕ್ಕೂ ಮೀನಿನ ರಸ ಹಾಕುತ್ತಾರೆ. ಅದಕ್ಕೆ ಬದಲಾಗಿ ನಂಜುಂಡಣ್ಣ ಹುರುಳಿಯನ್ನು ಬೇಯಿಸಿ, ಉಪ್ಪುನೀರಿನಲ್ಲಿ ವಾರಗಟ್ಟಲೆ ಹುಳಿಸಿ, ಬಸಿದು ಹಾಕುವುದನ್ನು ಕಂಡುಕೊಂಡರು. ಊರಿಗೆ ಮರಳಿದಾಗ ಅವರ ಅಣ್ಣ ಒಳಗೆ ಸೇರಿಸಿಕೊಂಡದ್ದು ಒಂದೇ ಮಾತಿನ ಮೇಲೆ — 'ಅಲ್ಲಿ ಇದ್ದಷ್ಟು ದಿನವೂ ಮೀನು ಮುಟ್ಟಿಲ್ಲ.' ಮೀನಿನ ಹೆಸರೆತ್ತಿದರೆ ಬಾಯಿ ತೊಳೆಯುವ ಮನೆತನ ಅದು. ಅಣ್ಣ ನಂಬಿದರು. ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡರು.

ತಿಪಟೂರಿನ ಕೊಬ್ಬರಿ ಮಂಡಿಯ ಹಿಂದಿನ ಬೀದಿಯಲ್ಲಿ, ಆ ದೇಶದ ಹಳೆಯ ಹೆಸರಿನಲ್ಲೇ, ಸಯಾಮ್ ಹೋಟೆಲು ಶುರುವಾಯಿತು. ಬೋರ್ಡು ಬರೆದವರು ನೀವೇ, ಗಂಗಮ್ಮನವರೇ, ನೀಲಿ ಬಣ್ಣದಲ್ಲಿ. ಸುತ್ತಲಿನ ಯಾವ ಹೋಟೆಲಿಗಿಂತಲೂ ಅಗ್ಗ. ಅನ್ನ, ಕಾಯಿಹಾಲಿನಲ್ಲಿ ಬದನೆಕಾಯಿ ಬೇಯಿಸಿದ ಖಾರದ ಸಾರು, ಅದರ ಮೇಲೆ ಸೀಳಿದ ಹೇರಳೆ ಎಲೆ, ಪಕ್ಕದಲ್ಲಿ ಹಸಿ ಪರಂಗಿಕಾಯಿಗೆ ಕಡಲೇಕಾಯಿ ಕುಟ್ಟಿ ಹಾಕಿದ ಕೋಸಂಬರಿ. ಸಂತೆಯ ದಿನ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ಕೊಬ್ಬರಿ ತಂದವರೆಲ್ಲ ಹರಾಜು ಮುಗಿಯುವವರೆಗೆ ಅಲ್ಲೇ ಕೂರುತ್ತಿದ್ದರು. ಕೂತು ಸುಮ್ಮನೆ ಉಣ್ಣುತ್ತಿದ್ದರೇ?

"ಕಾಯಾಲಿಗೆ ಬೆಲ್ಲ ಹಾಕ್ಬೇಕು ಕಣಪ್ಪ. ಮೆಣಸಿನಕಾಯಿ ಹಾಕ್ತಾರೇನ್ಲಾ ಯಾರಾದ್ರೂ?"

"ಒತ್ತುಶಾವಿಗೆ ಎಲ್ಲಿ ಮಡಗಿದೀಯಾ ನಂಜುಂಡಣ್ಣ, ತಾ ಅತ್ಲಾಗೆ."

"ಹಸಿಕಾಯೆಲ್ಲ ನೀನೇ ಹಿಂಡ್ಬುಟ್ರೆ ನಾವು ಅಟ್ಟದ ಮೇಲೆ ಏನ್ ಒಣಗಿಸಾನ, ನಿನ್ ತಲೆನಾ?"

"ಪರಂಗಿಕಾಯಿ ನಮ್ಮನೇಲಿ ಎಮ್ಮೆಗೆ ಹಾಕ್ತೀವಿ ಕಣಣ್ಣ."

"ಎಮ್ಮೆ ಏನಂತು?" ಎಂದು ನಂಜುಂಡಣ್ಣ ಸೌಟು ಹಿಡಿದೇ ಕೇಳುತ್ತಿದ್ದರು. "ಇನ್ನೊಂದ್ ಚೂರು ಬಡಿಸು ಅಂತಾ?"

ಮಂಡಿಯ ದಲ್ಲಾಳಿ ಶಿವಣ್ಣ ಮಾತ್ರ ಪ್ರತಿ ಸಲವೂ ಒಂದೇ ತೀರ್ಪು ಕೊಡುತ್ತಿದ್ದ: "ಊಟ ಖಾರ, ರೇಟು ತಂಪು!"

ಚೆನ್ನಾಗಿದೆ ಎಂದು ಒಬ್ಬನಾದರೂ ಬಾಯಿ ಬಿಟ್ಟು ಹೇಳಿದ್ದನ್ನು ನಾನು ಕೇಳಲಿಲ್ಲ. ಎಲೆಯಲ್ಲಿ ಒಂದು ಅಗುಳು ಉಳಿದದ್ದನ್ನೂ ಕಾಣಲಿಲ್ಲ. ಈ ಜನರ ರೀತಿಯೇ ಹಾಗೆ ಎಂದು ಆಗ ನನಗೆ ಸಿಟ್ಟು ಬರುತ್ತಿತ್ತು. ಆದರೆ ಅವರ ಗೊಣಗಾಟದಿಂದ ಯಾರಿಗೂ ಕೇಡಾಗಲಿಲ್ಲ. ಕೇಡಾದದ್ದು —

ಅದು ಶ್ರಾವಣ. ಬೇರೆ ದಿನಗಳಲ್ಲಿ ಮೀನು ಮಾಂಸ ತಿನ್ನುವವರು ಕೂಡ ಬಿಟ್ಟಿರುವ ತಿಂಗಳು. ಹೋಟೆಲು ತುಂಬಿತ್ತು. ನಾನು ಶಿವಣ್ಣನ ಪಕ್ಕ ಕೂತು ಸಯಾಮ್ ದೇಶದ ಊಟದ ಬಗ್ಗೆ ಎಲ್ಲೋ ಓದಿದ್ದನ್ನು ದೊಡ್ಡ ದನಿಯಲ್ಲಿ ವಿವರಿಸುತ್ತಿದ್ದೆ. ಎರಡು ಬೆಂಚಿನವರು ಕಿವಿಗೊಟ್ಟಿದ್ದರು. ಹಿಂದಿನಿಂದ ನಂಜುಂಡಣ್ಣ ಬಂದರು.

"ಮೇಷ್ಟ್ರು ಸಯಾಮ್ ನೋಡಿರೋದು ನಮ್ ಬೋರ್ಡಿನಾಗೇ ಕಣ್ರಪ್ಪ. ಬೇಕಾದ್ರೆ ತೋಳು ನೋಡಿ, ಅರ್ಧ ಬೋರ್ಡು ಅವರತ್ರಾನೇ ಐತೆ!"

ನನ್ನ ಅಂಗಿಯ ತೋಳಿನಲ್ಲಿ ನೀಲಿ ಬಣ್ಣದ ಕಲೆಯಿತ್ತು. ಹೋಟೆಲೆಲ್ಲ ನಕ್ಕಿತು. ನಾನೂ ನಕ್ಕೆ. ನಗುತ್ತಲೇ ಒಳಗೆ ಏನೋ ಚುರುಗುಟ್ಟಿತು — ಇಷ್ಟು ಸಣ್ಣದಕ್ಕೆ! ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. ಅಷ್ಟರಲ್ಲಿ ಶಿವಣ್ಣ ಕಣ್ಣೊರೆಸಿಕೊಂಡು ಕೇಳಿದ:

"ಅಲ್ಲ ಮೇಷ್ಟ್ರೇ, ಸಾರ್ನಾಗೆ ಅದೇನೋ ಒಂಥರಾ ವಾಸನೆ ಬತ್ತದಲ್ಲ, ಏನ್ರೀ ಅದು?"

ನಾನು ಹೇಳಿದೆ: "ಆ ದೇಶದಲ್ಲಿ ಮೀನಿನ ರಸ ಹಾಕದೆ ಸಾರೇ ಮಾಡಲ್ಲ ಶಿವಣ್ಣ."

ಅಲ್ಲಿಗೆ ನಿಲ್ಲಿಸಿದೆ. ಇಲ್ಲಿ ಹಾಕುವುದು ಹುರುಳಿಯ ರಸ ಎಂಬ ಎರಡನೆಯ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡೆ. ತರಗತಿಯಲ್ಲಿ ನಾನೇ ಹೇಳಿಕೊಡುತ್ತೇನೆ, ಹೇಳಿದ್ದು ನಿಜವಾದರೂ ಕೇಳುವವನನ್ನು ಸುಳ್ಳಿನ ಕಡೆಗೆ ನಡೆಸಬಹುದು ಎಂದು.

ಯಾರೋ ಎಲೆಯ ಮೇಲೆಯೇ ಉಗುಳಿದರು. "ಶ್ರಾವಣದಾಗೆ ಮೀನ್ ತಿನ್ನಿಸ್ಬುಟ್ನಲ್ಲೋ!" ಎಂದು ಒಬ್ಬ ಮುದುಕ ಎದ್ದು ನಿಂತ. ನಂಜುಂಡಣ್ಣ, "ಹುರುಳಿ ಕಣ್ರಪ್ಪ, ಬರೀ ಹುರುಳಿ!" ಎನ್ನುತ್ತಾ ಒಳಗೆ ಓಡಿ ಭರಣಿಯನ್ನೇ ಹೊತ್ತು ತಂದು ಎಲ್ಲರ ಮುಂದೆ ಮುಚ್ಚಳ ತೆಗೆದರು. ಅದೇ ತಪ್ಪಾಯಿತು. ವಾರಗಟ್ಟಲೆ ಹುಳಿತ ಹುರುಳಿಯ ವಾಸನೆ ಮೀನಿನದೇ ಎಂಬಂತೆ ಗಪ್ಪೆಂದು ಎದ್ದಿತು. ಮೀನಿರಲಾರದು ಎಂದುಕೊಂಡಿದ್ದವರಿಗೂ ಆಮೇಲೆ ಅನುಮಾನ ಉಳಿಯಲಿಲ್ಲ. ನಂಜುಂಡಣ್ಣ ನನ್ನ ಕಡೆ ನೋಡಿದರು. ನಾನು ಕೈ ತೊಳೆಯಲು ಎದ್ದೆ.

ಮುಂದಿನ ಸಂತೆಗೆ ಬೆಂಚುಗಳು ಖಾಲಿ. ಸುದ್ದಿ ನಂಜುಂಡಣ್ಣನಿಗಿಂತ ಮೊದಲೇ ಹೊನ್ನವಳ್ಳಿ ಸೇರಿತ್ತು. ಶ್ರಾವಣದ ಕೊನೆಯ ಸೋಮವಾರ ಅಣ್ಣನ ಮನೆಯ ಊಟದಲ್ಲಿ ನಂಜುಂಡಣ್ಣನ ಎಲೆಯನ್ನು ಜಗಲಿಯ ಮೇಲೆ ಹಾಕಿದರು. ಒಳಗೆ ಎಲ್ಲರ ಪಂಕ್ತಿ, ಹೊರಗೆ ಅವರೊಬ್ಬರೇ.

ಮಾರನೆಯ ದಿನ ನೀವು ಬಂದಿರಿ. "ಮೇಷ್ಟ್ರೇ, ಭರಣಿ ಮೂಸಿ, ನೆಕ್ಕಿ ನೋಡಿದ್ರಲ್ಲ ನೀವು. ನಮ್ ಭಾವನೋರ ಮುಂದೆ ಒಂದ್ ಮಾತು ಹೇಳ್ಬುಡಿ. ಇನ್ನೇನೂ ಬ್ಯಾಡ."

"ನೆನಪಿಲ್ಲಮ್ಮ," ಎಂದೆ.

ಏಕೆ ಹಾಗೆಂದೆ? ಬಂದು ಹೇಳಿದರೆ, ಗೊತ್ತಿದ್ದೂ ಅಂದು ಏಕೆ ಸುಮ್ಮನಿದ್ದೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. ನೀವು ಜಗಳ ಮಾಡಲಿಲ್ಲ. ನನ್ನ ತೋಳನ್ನೊಮ್ಮೆ ನೋಡಿ, "ಆಯ್ತು ಬುಡಿ ಮೇಷ್ಟ್ರೇ," ಎಂದು ಸೆರಗು ಹೊದ್ದು ಹೊರಟುಬಿಟ್ಟಿರಿ. ಅಂದು ನಾನು ಅದೇ ಅಂಗಿ ತೊಟ್ಟಿದ್ದೆನೇ? ಇಲ್ಲವೇ ನನ್ನ ಮನಸ್ಸೇ ಆಮೇಲೆ ಅದನ್ನು ನನಗೆ ತೊಡಿಸಿತೇ? ಇದು ಮಾತ್ರ ನಿಜವಾಗಿಯೂ ಗೊತ್ತಿಲ್ಲ.

ಹೋಟೆಲು ಮುಚ್ಚಿತು. ನಂಜುಂಡಣ್ಣ ತೋಟಕ್ಕೆ ನೀರು ಹಾಯಿಸಿಕೊಂಡಿದ್ದಾರೆ, ಒಲೆಯ ಹತ್ತಿರ ಹೋಗುವುದಿಲ್ಲ, ಅವರ ಎಲೆ ಈಗಲೂ ಜಗಲಿಯಲ್ಲೇ ಎಂದು ಕೇಳಿದ್ದೇನೆ. ಕೇಳಿದಾಗಲೆಲ್ಲ ನನ್ನ ನೆನಪು ಎದ್ದು ನಿಂತು ವಾದ ಹೂಡುತ್ತಿತ್ತು — ಭರಣಿ ನೋಡಿದ್ದು ಆಮೇಲೆ, ಆಮೇಲೆ.

ಮೊನ್ನೆ ಶಿವಣ್ಣ ಮಂಡಿಯ ಮುಂದೆ ಸಿಕ್ಕಿದ. ತಲೆ ನರೆತಿದೆ, ಬಾಯಿ ಹಾಗೇ ಇದೆ.

"ಆ ಸಯಾಮ್ ಊಟ ಚೆನ್ನಾಗೇ ಇತ್ತು ಕಣ್ರೀ ಮೇಷ್ಟ್ರೇ. ಈಗ್ಲೂ ಬಾಯಲ್ಲಿ ನೀರೂರ್ತದೆ. ಅರ್ಧ ಬೋರ್ಡು ನಿಮ್ ತೋಳಿನ್ ಮೇಲೈತೆ ಅಂತ ನಂಜುಂಡಣ್ಣ ನಗಿಸಿದ್ನಲ್ಲ, ಆವತ್ತೇ ತಾನೆ ನೀವು ಮೀನಿನ ಇಸ್ಯ ಹೇಳಿದ್ದು?"

ಚೆನ್ನಾಗಿತ್ತಂತೆ! ಆ ಮಾತನ್ನು ಆಗ ಹೇಳಲು ಏನಾಗಿತ್ತು ಇವನಿಗೆ? ಕಿರುಚಬೇಕೆನಿಸಿತು. ಆದರೆ ಶಿವಣ್ಣನ ಉಳಿದ ಮಾತು ನನ್ನ ಕಾಲು ಕಟ್ಟಿ ನಿಲ್ಲಿಸಿತು. ತೋಳಿನ ಬಣ್ಣ. ಹೋಟೆಲು ತೆರೆಯುವ ಹಿಂದಿನ ದಿನ ನೀವು ಬೋರ್ಡನ್ನು ಒಣಗಲೆಂದು ಅಡುಗೆಮನೆಯ ಬಾಗಿಲಿಗೆ ಒರಗಿಸಿದ್ದಿರಿ. ನಂಜುಂಡಣ್ಣ ಭರಣಿ ತೋರಿಸಲು ಒಳಗೆ ಕರೆದಾಗ ನನ್ನ ತೋಳು ಅದಕ್ಕೆ ತಗಲಿತು. ನೀವು ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಕೊಟ್ಟಿರಿ, ಕಲೆ ಹೋಗಲಿಲ್ಲ. ಕಲೆ ಇದ್ದದ್ದಕ್ಕೇ ಅವರು ತಮಾಷೆ ಮಾಡಿದರು, ತಮಾಷೆ ಮಾಡಿದ್ದಕ್ಕೇ ನಾನು ಆ ಮಾತಾಡಿದೆ. ಹಾಗಾದರೆ ಭರಣಿ ನೋಡಿದ್ದು ಮೊದಲು. ಇನ್ನು ವಾದಕ್ಕೆ ಎಡೆಯೇ ಇಲ್ಲ.

ಅಲ್ಲೇ ಶಿವಣ್ಣನಿಗೆ ಎಲ್ಲವನ್ನೂ ಹೇಳಿದೆ. ಅವನು ನಕ್ಕು, "ಬುಡಿ ಮೇಷ್ಟ್ರೇ, ಹಳೇದು, ಈಗ್ಯಾಕೆ?" ಎಂದು ಚೀಲಗಳ ಕಡೆ ಹೋದ. ಕೆಡಿಸುವಾಗ ಒಂದು ವಾಕ್ಯ ಸಾಕಾಗಿತ್ತು. ಸರಿ ಮಾಡಲು ಬಂದರೆ ಕೇಳುವವರೇ ಇಲ್ಲ.

ಶಿವಣ್ಣನಿಗೆ ಹಳೆಯದಾಗಿರಬಹುದು. ಜಗಲಿಯ ಮೇಲಿನ ಎಲೆಗೆ ಹಳೆಯದಾಗಿಲ್ಲ. ಈ ಶ್ರಾವಣದ ಕೊನೆಯ ಸೋಮವಾರ ನಾನು ಹೊನ್ನವಳ್ಳಿಯ ಬಸ್ಸು ಹತ್ತುತ್ತೇನೆ. ನಿಮ್ಮ ಭಾವನವರು ಪಂಕ್ತಿಗೆ ಕೂರುವ ಮೊದಲು, ಅವರ ನೆಂಟರೆಲ್ಲರ ಎದುರಿಗೆ, ಅಂದು ನುಂಗಿಕೊಂಡ ಆ ಎರಡನೆಯ ವಾಕ್ಯವನ್ನು ಹೇಳುತ್ತೇನೆ. ಅವರು ನಂಬದಿರಬಹುದು. ನಂಜುಂಡಣ್ಣ ನನ್ನ ಮುಖ ನೋಡದಿರಬಹುದು. ನೀವು 'ಆಯ್ತು ಬುಡಿ' ಎನ್ನದಿರಬಹುದು.

ಒಂದನ್ನು ಮಾತ್ರ ಕೇಳಿಕೊಳ್ಳುತ್ತೇನೆ. ಬಿಸಿಲಲ್ಲಿ ಬಂದವನೆಂದು ನನ್ನನ್ನು ಒಳಕ್ಕೆ ಕರೆಯಬೇಡಿ. ನಾನು ಜಗಲಿಯಲ್ಲೇ ನಿಂತಿರುತ್ತೇನೆ.