ಉದ್ದಕ್ಕೆ ಬಿಟ್ಟ ಬಟ್ಟೆ

ಟೈಲರ್ ಆಂಟಿಯ ತುಟಿಗಳ ಮಧ್ಯೆ ಸದಾ ನಾಲ್ಕು ಗುಂಡುಸೂಜಿ ಇರುತ್ತಿದ್ದವು. ಸೂಜಿ ಕಚ್ಚಿಕೊಂಡೇ ಅಳತೆ ತಗೊಳ್ಳೋರು, ಸೂಜಿ ಕಚ್ಚಿಕೊಂಡೇ ಬೈಯೋರು. ಮೊದಲ ಸಲ ನೋಡಿದಾಗ ಅಳತೆಗೆ ನಿಂತಿದ್ದವಳು ಹಿಂದಕ್ಕೆ ಸರಿದುಬಿಟ್ಟಿದ್ದೆ.

"ಆಂಟಿ, ನುಂಗಿಬಿಟ್ಟೀರಿ!" ಅಂದೆ.

"ಮೂವತ್ತು ವರ್ಷದಿಂದ ಒಂದೂ ನುಂಗಿಲ್ಲ. ನೀನು ನೆಟ್ಟಗೆ ನಿಂತ್ಕೋ" ಅಂದರು.

ನಿಜವಾಗಿ ಮುಖ್ಯವಾದದ್ದು ಹೇಳಬೇಕಾದಾಗ ಮಾತ್ರ ಸೂಜಿಗಳನ್ನು ಒಂದೊಂದಾಗಿ ತೆಗೆದು, ಮಣಿಕಟ್ಟಿಗೆ ಕಟ್ಟಿಕೊಂಡಿದ್ದ ಪುಟ್ಟ ದಿಂಬಿಗೆ ಚುಚ್ಚೋರು. ನಾನು ಅದನ್ನು ನೋಡಿದ್ದು ಎರಡೇ ಸಲ.

ಗಿರಿನಗರದಲ್ಲಿ ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ, ಯಾರದೋ ಮನೆಯ ಕಾರ್ ಶೆಡ್ಡೇ ಅವರ ಅಂಗಡಿ. ಬೋರ್ಡಿರಲಿಲ್ಲ. ಟೈಲರ್ ಆಂಟಿ ಅಂದರೆ ಆಟೋದವರಿಗೂ ಗೊತ್ತಿತ್ತು. ಹೆಂಗಸರ ಬ್ಲೌಸು, ಮಕ್ಕಳ ಯೂನಿಫಾರ್ಮು, ಎರಡೇ ಕೆಲಸ. ಹೊಲಿಗೆಯ ಒಳಗೆ ಧಾರಾಳವಾಗಿ ಬಟ್ಟೆ ಬಿಡೋರು. "ಬಿಟ್ಟಿದ್ದೀನಿ, ಬೇಕಾದಾಗ ಬಿಚ್ಕೋ" ಅನ್ನೋದು ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರೋ ಮಾತು. ಅದಕ್ಕೇ ಬೆಳೆಯೋ ಮಕ್ಕಳ ತಾಯಂದಿರೆಲ್ಲ ಅವರ ಹತ್ತಿರವೇ ಹೋಗುತ್ತಿದ್ದೆವು.

ನನ್ನ ಸಂಗತಿಯನ್ನೂ ಸ್ವಲ್ಪ ಹೇಳಬೇಕು. ನನಗೆ ಪಿಸಿಓಎಸ್, ಹಾರ್ಮೋನು ಏರುಪೇರಾಗುವ ಕಾಯಿಲೆ. ಕಾಲೇಜು ದಿನಗಳಿಂದಲೂ ಮುಟ್ಟು ಮೂರು ತಿಂಗಳಿಗೊಮ್ಮೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಗದ್ದದ ಮೇಲೆ ಕೂದಲು, ನೀರು ಕುಡಿದರೂ ದಪ್ಪ ಆಗುವ ಮೈ. ಮದುವೆಯಾದ ಮೇಲೆ ಏಳು ವರ್ಷ ಜಯನಗರದ ಕ್ಲಿನಿಕ್ಕುಗಳ ಬೆಂಚು ಸವೆಸಿ ಮಗನನ್ನು ಹೆತ್ತೆ. ಗಂಡು ಅಂತ ನರ್ಸ್ ಹೇಳಿದಾಗ ಮೊದಲು ಹೊಳೆದದ್ದು ಇಷ್ಟೇ: ಸದ್ಯ, ನನ್ನ ಕಾಯಿಲೆ ನನ್ನಲ್ಲೇ ಮುಗೀತು. ಎಂಥಾ ಪೆದ್ದಿ ನಾನು!

ಏಳು ವರ್ಷ ಕಾದ ಮಗುವಿಗೆ ಬೇಡ ಅನ್ನೋ ಧೈರ್ಯ ಯಾರಿಗಿದೆ? ಬೆಳಿಗ್ಗೆ ತುಪ್ಪದ ದೋಸೆ, ಸಂಜೆ ಬೇಕರಿಯಿಂದ ದಿಲ್‌ಪಸಂದ್. "ಪುಷ್ಟಿಯಾಗಿದ್ದಾನೆ, ಯಾರ ಕಣ್ಣೂ ಬೀಳ್ದೇ ಇರ್ಲಿ" ಅಂತ ನಮ್ಮತ್ತೆ ವಾರಕ್ಕೊಂದು ಸಲ ದೃಷ್ಟಿ ತೆಗೆಯೋರು. ನನಗೂ ಒಳಗೊಳಗೇ ಹೆಮ್ಮೆ.

ಅವನು ನಾಲ್ಕನೇ ಕ್ಲಾಸಿಗೆ ಹೋಗುವ ವರ್ಷ ಯೂನಿಫಾರ್ಮ್ ಪ್ಯಾಂಟಿಗೆ ಅಳತೆ ಕೊಡಲು ಹೋಗಿದ್ದೆವು. ಆಂಟಿ ಅಳೆದರು. ಹಳೇ ನೋಟ್‌ಬುಕ್ಕಿನಲ್ಲಿ ಹೋದ ವರ್ಷದ ಪುಟ ಹುಡುಕಿದರು. ಆಮೇಲೆ ಮಗನಿಗೆ, "ರಾಜಾ, ಕಾಂಪೌಂಡ್ ಹತ್ರ ಬೆಕ್ಕು ಮರಿ ಹಾಕಿದೆ, ಎಷ್ಟಿವೆ ಎಣಿಸ್ಕೊಂಡ್ ಬಾ" ಅಂದರು. ಅವನು ಆಚೆ ಓಡಿದ.

"ಉದ್ದ ಒಂದಿಂಚು ಬೆಳೆದಿದ್ದಾನೆ. ಸೊಂಟ ನಾಲ್ಕಿಂಚು."

"ಬೆಳೆಯೋ ಮಗು ಆಂಟಿ. ಸೊಂಟಕ್ಕೆ ಜಾಸ್ತಿ ಬಿಡಿ."

"ಈಗಿನ ಅಳತೆಗೆ ಸರಿಯಾಗಿ ಹೊಲಿತೀನಿ. ಉದ್ದಕ್ಕೆ ಬಿಡ್ತೀನಿ. ಸೊಂಟಕ್ಕೆ ಬಿಡಲ್ಲ."

ನನಗೆ ಮೂಗಿನ ತುದಿಯಲ್ಲೇ ಕೋಪ. "ಹೊಲಿಯೋದು ನಿಮ್ಮ ಕೆಲಸ, ನನ್ನ ಮಗನ ಮೈ ನೋಡೋದಲ್ಲ" ಅಂದುಬಿಟ್ಟೆ. ಬಟ್ಟೆ ಕಿತ್ತುಕೊಂಡು, ಬೆಕ್ಕಿನ ಮರಿ ಮುದ್ದಾಡುತ್ತಿದ್ದವನನ್ನು ದರದರ ಎಳೆದುಕೊಂಡು ಮನೆಗೆ ಬಂದೆ.

ಮಾರನೇ ಬೆಳಿಗ್ಗೆ ನೋಡಿದರೆ ನಮ್ಮ ಗೇಟಿನಲ್ಲಿ ಆಂಟಿ! ಎರಡು ಕ್ರಾಸ್ ಸೂಜಿ ಕಚ್ಚಿಕೊಂಡೇ ನಡೆದು ಬಂದಿದ್ದರು. ಮೆಟ್ಟಿಲ ಮೇಲೆ ಕೂತು ನಾಲ್ಕನ್ನೂ ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದರು.

"ನಿನ್ನ ಗದ್ದ ನಾನು ನೋಡಿಲ್ವಾ? ನಂದೂ ಅದೇ ಗದ್ದ, ಅದೇ ಮುಟ್ಟಿನ ತೊಂದ್ರೆ. ನಮ್ಮ ಕಾಲದಲ್ಲಿ ಅದಕ್ಕೊಂದು ಹೆಸರೂ ಇರ್ಲಿಲ್ಲ. ನನ್ನ ಮಗನ ಪ್ಯಾಂಟು ವರ್ಷಾ ವರ್ಷಾ ನಾನೇ ಬಿಚ್ಚಿ ಅಗಲ ಮಾಡ್ದೆ. ಮೂವತ್ತಾಗೋಕ್ ಮುಂಚೆ ಶುಗರ್ರು, ಬಿಪಿ. ಮೂವತ್ತಾರಕ್ಕೆ ಎದೆಗೆ ಸ್ಟೆಂಟ್ ಹಾಕಿದ್ರು. ಮನೇಲಿ ಯಾರ್ಯಾರಿಗೆ ಏನೇನಿತ್ತು ಅಂತ ಕೇಳ್ತಾ ಡಾಕ್ಟ್ರು ನನ್ನ ಮುಟ್ಟಿನ ವಿಷ್ಯಕ್ಕೂ ಬಂದ್ರು. ಅವನ ಎದೆಗೂ ನನ್ನ ಮುಟ್ಟಿಗೂ ಏನ್ ಸಂಬಂಧ ಅಂತ ನಾನು ಕಣ್ ಕಣ್ ಬಿಟ್ಟೆ. ಇರಬಹುದು ಅಂದ್ರು." ದಿಂಬಿನ ಸೂಜಿಗಳನ್ನು ಬೆರಳಿಂದ ಒತ್ತುತ್ತ ಹೇಳಿದರು: "ಒಂದ್ಸಲ ತೋರಿಸ್ಕೊಂಡ್ ಬಾ ಕಣಮ್ಮಾ. ಏನೂ ಇಲ್ಲಾಂದ್ರೆ ಬಂದು ನನಗೆ ಬಾಯಿಗೆ ಬಂದಂಗೆ ಬೈ."

ಬೈಯುವ ಆಸೆಯಿಂದಲೇ ಜಯನಗರದ ಮಕ್ಕಳ ಡಾಕ್ಟರ ಬಳಿ ಹೋದೆ ಅಂತ ಈಗ ಒಪ್ಪಿಕೊಳ್ಳುತ್ತೇನೆ. ಮೂರು ಸಲ ಬೇರೆ ಬೇರೆ ದಿನ ಬಿಪಿ ಅಳೆದರು. ಮೂರು ಸಲವೂ ಅವನ ವಯಸ್ಸಿಗೆ ಜಾಸ್ತಿ. ರಕ್ತದಲ್ಲಿ ಕೊಬ್ಬು ಜಾಸ್ತಿ.

"ನನ್ನಿಂದಾನಾ ಡಾಕ್ಟ್ರೇ?"

"ಪಿಸಿಓಎಸ್ ಇರೋ ಎಲ್ಲ ತಾಯಂದಿರ ಮಕ್ಕಳಿಗೂ ಹೀಗಾಗಲ್ಲ. ಆದ್ರೆ ಸಾಧ್ಯತೆ ಸ್ವಲ್ಪ ಜಾಸ್ತಿ ಇರಬಹುದು, ಹೆಣ್ಣಾಗ್ಲಿ ಗಂಡಾಗ್ಲಿ. ಇದ್ರಲ್ಲಿ ಯಾರ ತಪ್ಪೂ ಇಲ್ಲ. ಬೇಗ ಬಂದಿದ್ದೀರ. ಸದ್ಯಕ್ಕೆ ಮಾತ್ರೆ ಬೇಡ. ಅವನೊಬ್ಬನಿಗೇ ಪಥ್ಯ ಮಾಡ್ಬೇಡಿ, ಇಡೀ ಮನೆ ಬದಲಾಗ್ಲಿ."

ಅಲ್ಲಿಂದ ನೇರ ಶೆಡ್ಡಿಗೆ ಹೋಗಿ ಹೋ ಅಂತ ಅತ್ತೆ. ಏಳು ವರ್ಷ ಕಾದು ಮಗನಿಗೆ ನಾನು ಕೊಟ್ಟಿದ್ದು ಇದನ್ನಾ ಅಂತ ಗೋಳಾಡಿದೆ. ಆಂಟಿ ಮಿಷನ್ ನಿಲ್ಲಿಸಿ ಎರಡನೇ ಸಲ ಸೂಜಿ ತೆಗೆದರು.

"ನನ್ನ ಮೂಗನ್ನೂ ನನ್ನ ಮಗಂಗೆ ಕೊಟ್ಟಿದ್ದೀನಿ, ಕೇಳ್ಕೊಂಡು ಕೊಟ್ನಾ? ನನಗೆ ತಡವಾಗಿ ಗೊತ್ತಾಯ್ತು, ನಿನಗೆ ಬೇಗ ಗೊತ್ತಾಯ್ತು. ಅಷ್ಟಕ್ಕೆ ಸಂತೋಷ ಪಡು. ಈಗ ಕಣ್ಣೊರೆಸ್ಕೊಂಡು ಪ್ಯಾಂಟಿನ ಬಟ್ಟೆ ತಾ."

ಮನೆ ಬದಲಾಯಿತು, ಜಗಳವಾಡಿಕೊಂಡೇ ಬದಲಾಯಿತು. ಅತ್ತೆ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಸಂಜೆ ಬೇಕರಿಯ ಬದಲು ಪಾರ್ಕು. ಅವನು ಓಡುವುದು, ನಾನು ಏದುಸಿರು ಬಿಡುತ್ತ ಹಿಂದೆ. ಮೂರು ತಿಂಗಳಿಗೊಮ್ಮೆ ಆಂಟಿ, "ಬಾರೋ ರಾಜಾ, ಎಷ್ಟುದ್ದ ಆಗಿದ್ದೀಯ ನೋಡೋಣ" ಅಂತ ಟೇಪು ಹಿಡಿಯೋರು. ಉದ್ದವನ್ನು ಬೀದಿಗೆ ಕೇಳುವಂತೆ ಕೂಗೋರು. ಸೊಂಟವನ್ನು ಸದ್ದಿಲ್ಲದೆ ಬರೆದುಕೊಳ್ಳೋರು. ತನ್ನ ಸೊಂಟದ ಬಗ್ಗೆ ಇಷ್ಟೆಲ್ಲ ನಡೆದದ್ದು ನನ್ನ ಮಗನಿಗೆ ಇವತ್ತಿಗೂ ಗೊತ್ತಿಲ್ಲ. ಆ ಸೂಕ್ಷ್ಮ ನನಗೆ ಇರಲಿಲ್ಲ, ಅವರಿಗಿತ್ತು.

ಹೋದ ದೀಪಾವಳಿಯಾದ ಮರುವಾರ, ಮಧ್ಯಾಹ್ನ ಊಟ ಮಾಡಿ ಒರಗಿದ ಆಂಟಿ ಮತ್ತೆ ಏಳಲಿಲ್ಲ. ಅವರ ಮಗ, ಅದೇ ಸ್ಟೆಂಟಿನ ಮಗ, ಅವರದೇ ಮೂಗು ಹೊತ್ತು ಅವರ ಮನೆಯ ಗೇಟಿನಲ್ಲಿ ನಿಂತಿದ್ದರು.

ಈ ಜೂನಿನಲ್ಲಿ ಸ್ಕೂಲು ಶುರುವಾದಾಗ ಅವರು ಕೊನೆಯದಾಗಿ ಹೊಲಿದ ಪ್ಯಾಂಟನ್ನು ಮಗನಿಗೆ ಹಾಕಿ ನೋಡಿದೆ. ಸೊಂಟದ ಹುಕ್ಕು ಎಳೆದಾಡದೆ ಸರಿಯಾಗಿ ಕೂತಿತು. ಹೋದ ತಿಂಗಳು ಡಾಕ್ಟರು ಬಿಪಿ ನೋಡಿ ತಲೆಯಾಡಿಸಿ ನಕ್ಕಿದ್ದರು. ಆದರೆ ಪ್ಯಾಂಟು ಮಾತ್ರ ಕಣಕಾಲಿನಿಂದ ಮೇಲಕ್ಕೆ ನಿಂತಿತ್ತು. ಕತ್ತರಿ ತಂದು ಕೆಳಗಿನ ಮಡಿಕೆ ಬಿಚ್ಚಿದೆ. ಒಳಗೆ ನಾಲ್ಕು ಬೆರಳು ಬಟ್ಟೆ, ಒಗೆತ ಕಾಣದ ಹೊಸ ನೀಲಿ.

"ಆಂಟಿ ಇಷ್ಟೊಂದು ಬಿಟ್ಟಿದ್ರಾ?" ಅಂದ ಮಗ.

"ಹೂಂ. ನೀನು ಇಷ್ಟುದ್ದ ಆಗ್ತೀಯ ಅಂತ ಅವರಿಗೆ ಗೊತ್ತಿತ್ತು."

ಮಡಿಕೆ ಹಿಡಿಯಲು ಎರಡೂ ಕೈ ಬೇಕಾಯಿತು. ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೆ.

"ಅಮ್ಮಾ, ನುಂಗಿಬಿಟ್ಟೀಯ!" ಅಂತ ಮಗ ಕಿರುಚಿದ.

"ನುಂಗಲ್ಲ" ಅಂದೆ. "ನೀನು ನೆಟ್ಟಗೆ ನಿಂತ್ಕೋ."