ಉಗುರುಬೆಚ್ಚಗಿನ ನೀರು

ನೂಲನ್ನು ಅಕ್ಕ ಬೆರಳಿನಿಂದ ಮುಟ್ಟಿ ನೋಡುತ್ತಿರಲಿಲ್ಲ. ರಾಟೆಯಿಂದ ಗೇಣುದ್ದದ ಎಳೆ ತೆಗೆದು ಕೆಳತುಟಿಯ ಮೇಲೆ ಮೆಲ್ಲಗೆ ಹಾಯಿಸಿ, "ದಪ್ಪ ಬತ್ತಾ ಐತೆ, ಒಂದು ಗೂಡು ತೆಗಿ" ಎನ್ನುತ್ತಿದ್ದಳು. ರಾಮನಗರದ ತರಬೇತಿ ಕೇಂದ್ರದಲ್ಲಿ ರೇಷ್ಮೆ ನೂಲು ಬಿಚ್ಚಲು ಕಲಿಯುತ್ತಿದ್ದ ನಾವು ಹುಡುಗಿಯರೆಲ್ಲ, ಇದೇ ದೊಡ್ಡ ವಿದ್ಯೆಯೆಂದು ನಂಬಿ ತುಟಿಗೆ ನೂಲು ತಾಗಿಸಿಕೊಳ್ಳುತ್ತಿದ್ದೆವು.

ಅವಳು ದೊಡ್ಡಮಳೂರಿನವಳು. ನನಗೆ ಸಂಬಂಧವೇನಲ್ಲ, ಕೇಂದ್ರದಲ್ಲಿ ನೂಲು ಬಿಚ್ಚುತ್ತಲೇ ನಮಗೂ ಕಲಿಸುತ್ತಿದ್ದವಳು, ಎಲ್ಲರಿಗೂ ಅಕ್ಕ. ಹನ್ನೆರಡನೇ ವಯಸ್ಸಿಗೇ, ಗೂಡು ಬೇಯಿಸಿ ಅದರಲ್ಲೇ ನೂಲು ಬಿಚ್ಚುವ ಕುದಿನೀರಿನ ಬೇಸಿನ್ನಿನ ಮುಂದೆ ಕೂತವಳು. ನಾನು ಕೇಂದ್ರಕ್ಕೆ ಸೇರಿದಾಗ ರೇಷ್ಮೆಯ ಭರಾಟೆ ಹೇಗಿತ್ತೆಂದರೆ, ಅಕ್ಕೂರಿನ ನಮ್ಮ ರಾಗಿ ಹೊಲವೂ ಹಿಪ್ಪುನೇರಳೆ ತೋಟವಾಗಿತ್ತು. ಜಪಾನಿನ ಒಂದು ಮಿಲ್ಲಿಗೆ ಮೂರು ತಿಂಗಳ ತರಬೇತಿಗೆ ಇಬ್ಬರು ಹೋಗಬೇಕೆಂದಾದಾಗ, ಇಂಗ್ಲಿಷ್ ಬರುತ್ತದೆಂದು ನನ್ನನ್ನೂ ಕೆಲಸ ಬರುತ್ತದೆಂದು ಅವಳನ್ನೂ ಆರಿಸಿದರು.

ಆ ಊರಿನಲ್ಲಿ ಮೊದಲ ವಾರ ನನಗೆ ಕಂಡದ್ದೆಲ್ಲ ದಿಗಿಲು. ತುಂಬಿದ ಬಸ್ಸಿನಲ್ಲಿ ಒಬ್ಬರೂ ಮಾತಾಡುತ್ತಿರಲಿಲ್ಲ. ಕೋಣೆಗೊಂದು ಚಪ್ಪಲಿ, ಬಚ್ಚಲಿಗೊಂದು ಚಪ್ಪಲಿ. ತಪ್ಪಿದರೆ ಹಾಸ್ಟೆಲ್ ನೋಡಿಕೊಳ್ಳುತ್ತಿದ್ದ ಮುದುಕಿ ಓಡಿಬರುತ್ತಿದ್ದಳು. ಎದುರಿಗೆ ಹಸಿ ಮೀನಿನ ತಟ್ಟೆ ಇಟ್ಟ ದಿನ ನಾನು ಎದ್ದುಹೋಗಿ ಅತ್ತೆ. ಅಕ್ಕ ಹಿಂದೆಯೇ ಬಂದಳು.

"ಊರು ಅಂದ್ರೆ ಏನಮ್ಮಿ? ಬೇಯ್ಸಕ್ಕೆ ಒಂದು ಒಲೆ, ಮಲಿಕ್ಕಳಕ್ಕೆ ಒಂದು ಚಾಪೆ. ಎರಡೂ ಐತಲ್ಲ, ಏಳು."

ಸೀರೆಗಳ ನಡುವೆ ಬಚ್ಚಿಟ್ಟು ತಂದಿದ್ದ ರಾಗಿಹಿಟ್ಟು ತೆಗೆದು ಮುದ್ದೆ ಕಟ್ಟಿದಳು. ಮುದುಕಿಗೂ ಒಂದು ಕೊಟ್ಟಳು. ಅವಳು ಅಗಿಯುತ್ತಾ ಒದ್ದಾಡುವುದನ್ನು ನೋಡಿ ಅಕ್ಕ ಕನ್ನಡದಲ್ಲೇ, "ಅಗೀಬ್ಯಾಡ ಕಣವ್ವ, ನುಂಗು" ಎಂದಳು. ಮುದುಕಿ ನುಂಗಿದಳು. ಅಂದಿನಿಂದ ಆ ಅಡುಗೆಮನೆ ನಮ್ಮದೂ ಆಯಿತು.

ಎರಡನೇ ವಾರ ಒಂದು ಸಂಜೆ, ಅಲ್ಲೇ ನಿಂತು ಅಕ್ಕ ತನ್ನ ಅತ್ತೆಯ ಜಗಳದ ಕಥೆ ಹೇಳುತ್ತಿದ್ದಳು. ನಾನು ನಗುತ್ತಿದ್ದೆ. ಏನೋ ಸುಟ್ಟ ವಾಸನೆ ಬಂತು. ತಿರುಗಿದರೆ, ಕಾದು ಕೆಂಪಾದ ಕರೆಂಟ್ ಒಲೆಯ ಅಂಚಿಗೆ ಅವಳ ಬಲಗೈ ಬೆರಳುಗಳು ಊರಿದ್ದವು. ಅವಳಿನ್ನೂ ಕಥೆ ಹೇಳುತ್ತಲೇ ಇದ್ದಳು. ನಾನು ಚೀರಿ ಕೈ ಎಳೆದೆ. ಚರ್ಮ ಒಲೆಗೆ ಅಂಟಿಕೊಂಡಿತು.

"ಏನಾಯ್ತಮ್ಮಿ?" ಎಂದು ಅವಳು ನನ್ನನ್ನೇ ಕೇಳಿದಳು.

ನಾನು ಅವಳ ಕೈ ಎತ್ತಿ ತೋರಿಸಿದೆ. ಅವಳು ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದಳು.

"ಎಂಟೊರ್ಸ ಆಯ್ತು. ಬೆಳ್ಳು ಸತ್ತೋಗವೆ. ಬಿಸಿನೀರು ತಿಂದ್ಬುಡ್ತು. ಅದ್ಕೇ ನೂಲು ತುಟೀಗಿಕ್ಕಳದು. ಯಾರ್ಗೂ ಏಳ್ಬ್ಯಾಡ ಕಣೆ. ಗೊತ್ತಾದ್ರೆ ಬೇಸಿನ್ ಮುಂದೆ ಕೂರ್ಸಕಿಲ್ಲ."

ನಾವು ವಿದ್ಯೆಯೆಂದು ನಕಲು ಮಾಡಿದ್ದು ಇದನ್ನು.

ಮರುದಿನ ಮಿಲ್ಲಿನಲ್ಲಿ ನಮಗೆ ಕಲಿಸುತ್ತಿದ್ದ ಹೆಂಗಸು ಅಕ್ಕನ ಕೈಗೆ ಸುತ್ತಿದ್ದ ಬಟ್ಟೆ ನೋಡಿ ಏನೆಂದು ಕೇಳಿದಳು. ಅಕ್ಕನಿಗೆ ಇಂಗ್ಲಿಷ್ ಬಾರದು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಸುಳ್ಳು ಹೇಳಬೇಕೆಂದೇ ಬಾಯಿ ತೆರೆದವಳು ಎಲ್ಲವನ್ನೂ ಹೇಳಿಬಿಟ್ಟೆ. ವೈದ್ಯರ ಬಳಿಗೆ ಕರೆದೊಯ್ದರು. ಸುಟ್ಟದ್ದಕ್ಕೆ ಔಷಧಿ ಇತ್ತು, ಸತ್ತ ಬೆರಳಿಗೆ ಇರಲಿಲ್ಲ. ಎರಡು ದಿನ ಅಕ್ಕ ನನ್ನ ಜೊತೆ ಮಾತಾಡಲಿಲ್ಲ.

ಮೂರನೇ ದಿನ ಆ ಹೆಂಗಸು, ಅದುವರೆಗೆ ಗೂಡು ವಿಂಗಡಿಸುವುದನ್ನಷ್ಟೇ ಕಲಿತಿದ್ದ ನಮ್ಮನ್ನು ನೂಲು ಬಿಚ್ಚುವ ಸಾಲಿಗೆ ಕರೆದೊಯ್ದಳು. ಅಲ್ಲಿ ಗೂಡನ್ನು ಬೇರೆ ಕಡೆ ಬೇಯಿಸಿ ತಂದು ಬೇಸಿನ್ನಿಗೆ ಹಾಕುತ್ತಿದ್ದರು. ಅಕ್ಕ ಎಡಗೈ ಬೆರಳುಗಳನ್ನು ನೀರಿಗೆ ಅದ್ದಿದಳು. ಅವಳಿಗೇನೂ ತಿಳಿಯಲಿಲ್ಲ.

"ಎಷ್ಟು ಬಿಸಿ ಐತಮ್ಮಿ?" ಎರಡು ದಿನದ ಮೇಲೆ ಆಡಿದ ಮೊದಲ ಮಾತು ಅದು.

ನಾನು ಕೈಯಿಟ್ಟು ನೋಡಿದೆ. ಮತ್ತೊಮ್ಮೆ ನೋಡಿದೆ. "ಬಿಸಿ ಇಲ್ಲ ಅಕ್ಕ. ಉಗುರುಬೆಚ್ಚಗೈತೆ. ಕೂಸಿಗೆ ನೀರು ಹುಯ್ಯೋ ಹಂಗೆ."

"ಸರ್ಯಾಗಿ ನೋಡೇ."

"ಹಂಗೇ ಅಕ್ಕ."

ಆ ನೀರಿನಲ್ಲಿ ಗೂಡುಗಳು ಸಲೀಸಾಗಿ ಬಿಚ್ಚಿಕೊಳ್ಳುತ್ತಿದ್ದವು. ಅಕ್ಕ ಒಂದು ಎಳೆಯನ್ನು ಎತ್ತಿ ತುಟಿಗೆ ತಾಗಿಸಿ ನೋಡಿದಳು. "ಸುಮ್‌ಸುಮ್ಕೆ ಕೈ ಬೇಯ್ಸ್ಕೊಂಡ್ನಲ್ಲಮ್ಮಿ," ಎಂದಳು. "ಮೂವತ್ತೊರ್ಸ ಸುಮ್‌ಸುಮ್ಕೆ." ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಊರಿಗೆ ಮರಳಿದ ದಿನವೇ ಅವಳು ಕೇಂದ್ರದ ಸಾಹೇಬರ ಮುಂದೆ ಎರಡೂ ಕೈ ಚಾಚಿ, "ಇವು ಸತ್ತವೆ ಸಾಮಿ. ಈ ಉಡ್ಗೀರವು ಇನ್ನೂ ಬದ್ಕವೆ" ಎಂದಳು. ಹೆದರಿದ್ದಂತೆಯೇ ಬೇಸಿನ್ ಮುಂದಿನ ಅವಳ ಕೆಲಸ ಹೋಯಿತು. ಹುಡುಗಿಯರಿಗೆ ಕಲಿಸುವ ಕೆಲಸ ಮಾತ್ರ ಉಳಿಯಿತು. ಗೂಡು ಬೇಯಿಸಲು ಬೇರೆ ಪಾತ್ರೆ ಇಡಿಸಿದಳು. ಬೇಸಿನ್ನಿನಲ್ಲಿ ಹಬೆಯೆದ್ದರೆ ಕೂಗಾಡಿ ಒಲೆ ತಗ್ಗಿಸುತ್ತಿದ್ದಳು. ಹೊರಗೆ ನೂಲು ಬಿಚ್ಚುವ ಎಷ್ಟೋ ಮನೆಗಳಲ್ಲಿ ನೀರು ಕುದಿಯುತ್ತಲೇ ಇತ್ತು. ನಮ್ಮ ಕೇಂದ್ರದಲ್ಲಿ ಕುದಿಯಲಿಲ್ಲ. ಆಮೇಲೆ ಹದಿನೆಂಟು ವರ್ಷ ನಾನು ಅದೇ ಕೆಲಸ ಮಾಡಿದೆ. ನನ್ನ ಹತ್ತು ಬೆರಳೂ ಚೆನ್ನಾಗಿವೆ.

ಕೊನೆಗಾಲದಲ್ಲಿ ಅಕ್ಕನಿಗೆ ಕಣ್ಣು ಕಾಣುತ್ತಿರಲಿಲ್ಲ. ದೊಡ್ಡಮಳೂರಿನ ಮನೆಯಲ್ಲಿ ಮಂಚದ ಪಕ್ಕ ಕೂತು, ಅವಳ ಬೆರಳುಗಳನ್ನು ಹಿಡಿದುಕೊಂಡೇ ಇದ್ದೆ.

"ಅದ್ಯಾರವ್ವ ಬಾಗ್ಲಲ್ಲೇ ನಿಂತಿರದು? ಒಳಕ್ಕೆ ಬನ್ನಿ," ಎಂದಳು, ನನ್ನ ಬಳೆಯ ಸದ್ದು ಕೇಳಿ.

ನಾನು ಬೆರಳು ಬಿಟ್ಟು ಅವಳ ತೋಳಿನ ಮೇಲೆ ಕೈಯಿಟ್ಟೆ.

"ಓ, ನೀನೇನಮ್ಮಿ! ಈಗ್ ಬಂದ್ಯಾ?"

"ಈಗ್ ಬಂದೆ ಅಕ್ಕ," ಎಂದೆ.