ಸುಶೀಲಾ ಮೇಡಂ ಮನೆಯ ಕೋರ್ಟು

ಹುಟ್ಟದೇ ಇದ್ದವರ ಸಾವಿಗೆ ನಮ್ಮನ್ನು ಎದ್ದು ನಿಲ್ಲಿಸುತ್ತಿದ್ದರು ಸುಶೀಲಾ ಮೇಡಂ. ವಿಜಯಪುರದ ಕಾನೂನು ಕಾಲೇಜೊಂದರಲ್ಲಿ ನಮಗೆ ಸಾಕ್ಷ್ಯದ ಕಾಯ್ದೆ ಕಲಿಸಿದವರು ಅವರು. ಪುಸ್ತಕದ ಪಾಠ ಮುಗಿದ ಮೇಲೆ ಐದಾರು ಮಂದಿಯನ್ನು ಆರಿಸಿ ರವಿವಾರ ಮನೆಗೆ ಕರೆದು, ತಾವೇ ಕಟ್ಟಿದ ಖಟ್ಲೆಗಳನ್ನು ನಮ್ಮ ಮುಂದೆ ಇಡುತ್ತಿದ್ದರು. ಊರು ಸುಳ್ಳು, ಹೆಸರು ಸುಳ್ಳು, ಕೊಲೆಯೂ ಸುಳ್ಳು. ಆದರೂ ಸತ್ತವರ ಹೆಸರು ಹೇಳಿದ ಕೂಡಲೇ ನಾವೆಲ್ಲ ಎದ್ದು ನಿಲ್ಲಬೇಕು. ಮೊದಲ ಸಲ ಸತ್ತವನೊಬ್ಬ ಮುದುಕ; ನನಗೆ ನಗು ತಡೆಯಲಾಗಲಿಲ್ಲ.

“ಮೇಡಂ, ಈ ಮುದುಕ ಹುಟ್ಟೇ ಇಲ್ಲಲ್ರಿ?” ಎಂದೆ.

“ಹುಟ್ಟಲಾರದ ಸತ್ತಾನ,” ಎಂದರು ಮೇಡಂ. ಮುಖದಲ್ಲಿ ನಗುವಿನ ಗೆರೆಯೂ ಇಲ್ಲ. “ನೀವಷ್ಟು ಮಂದಿ ಬಿಟ್ರ ಅವಗ ಯಾರೂ ಇಲ್ಲ. ಸುಮ್ಮ ನಿಂದ್ರು.”

ನಿಂತೆ. ಬೆನ್ನಲ್ಲಿ ಸಣ್ಣಗೆ ಚಳಿ ಹರಿಯಿತು, ಅದೂ ವಿಜಯಪುರದ ಬೇಸಿಗೆಯಲ್ಲಿ.

ಜೋರಾಪುರ ಪೇಟೆಯ ಓಣಿಯೊಂದರ ತುದಿಗೆ ಅವರ ಹಳೆಯ ಮನೆ. ಹೊರಗೆ ನಾಯಿ ಸಹ ಅಲುಗಾಡದ ಮಧ್ಯಾಹ್ನದ ಹೊತ್ತು ಕಿಟಕಿ ಮುಚ್ಚಿ, ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೋರ್ಟು ಕೂಡುತ್ತಿತ್ತು. ಮೇಡಂ ನಮ್ಮನ್ನು ಊರಿನ ಹೆಸರು ಹಿಡಿದೇ ಕರೆಯುವವರು. ನಾನು ‘ಜೈನಾಪುರ’. ನನ್ನೊಡನೆ ಸದಾ ಜಗಳಕ್ಕೆ ನಿಲ್ಲುತ್ತಿದ್ದ, ದ್ರಾಕ್ಷಿ ತೋಟದವರ ಮನೆಯ ಹುಡುಗ ‘ಟಿಕೋಟಾ’. ಅವನ ಬಾಯಿ ದೊಡ್ಡದು, ನನ್ನದು ಇನ್ನೂ ದೊಡ್ಡದು. ಮೇಡಂ ಇಬ್ಬರ ನಡುವೆ ಕೂತು ಬಿಸಿ ಚಹಾ ಊದಿ ಊದಿ ಕುಡಿಯುತ್ತ ಕೇಳುತ್ತಿದ್ದರು. ತೆಳ್ಳನೆ ಜೀವ, ಬಿಗಿದು ಕಟ್ಟಿದ ತುರುಬು, ಸದಾ ಇಳಕಲ್ ಸೀರೆ. ಒಂದು ವಿಚಿತ್ರ ಅಭ್ಯಾಸವಿತ್ತು: ಯಾರ ಬೆನ್ನ ಹಿಂದೆಯೂ ಅವರು ನಿಲ್ಲುತ್ತಿರಲಿಲ್ಲ. ಕಾಲೇಜಿನ ಮೆಟ್ಟಿಲು ಹತ್ತುವಾಗ ಯಾರಾದರೂ ಮುಂದಿದ್ದರೆ, ಅವರು ಪೂರ್ತಿ ಹತ್ತಿ ಹೋಗುವವರೆಗೆ ಕೆಳಗೇ ಕಾಯುತ್ತಿದ್ದರು.

ಅವರ ಕೋರ್ಟಿಗೆ ಎರಡೇ ಕಟ್ಟಳೆ. ಒಂದು, ಯಾಕೆ ಮಾಡಿದರು ಎಂದು ಕೇಳುವಂತಿಲ್ಲ. “ಮನಸಿನಾಗಿಂದು ಆಮ್ಯಾಲ ನೋಡೂಣಂತ. ಮೊದ್ಲ ಸಾಮಾನು ನೋಡ್ರಿ,” ಎನ್ನುವರು. ಇನ್ನೊಂದು, ಖಟ್ಲೆ ಬಿಡಿಸಿದವರೇ ಎದ್ದು ನಿಂತು ತೀರ್ಪು ಹೇಳಬೇಕು. “ಸತ್ಯ ಹುಡುಕಿ ಇನ್ನೊಬ್ಬರ ಕೈಯಾಗ ಕೊಟ್ಟು ಓಡೂದಲ್ಲ.”

ಆ ಹುಟ್ಟದ ಮುದುಕನ ಖಟ್ಲೆಯಲ್ಲಿ ಜಮಖಾನೆ ಮೇಲೆ ಒಂದು ಊಟದ ತಾಟು ಇಟ್ಟಿದ್ದರು: ಖಡಕ್ ರೊಟ್ಟಿಯ ಚೂರುಗಳು, ಒಣಗಿದ ಬೇಳೆ. ಊಟ ಮಾಡುತ್ತಲೇ ಎದೆ ಹಿಡಿದು ಅಪ್ಪ ಸತ್ತ ಎಂದು ಮಗನ ಹೇಳಿಕೆ. ಟಿಕೋಟಾ ಹೃದಯಾಘಾತದ ಬಗ್ಗೆ ದೊಡ್ಡ ಭಾಷಣವನ್ನೇ ಮಾಡಿದ. ಮೇಡಂ ಎಲ್ಲ ಕೇಳಿ, “ಮುದುಕಗ ಹಲ್ಲು ಇರಲಿಲ್ಲ ಅಂತ ಹೇಳಿದ್ನಿಲ್ಲೋ? ರೊಟ್ಟಿ ಮುಟ್ಟಿ ನೋಡು,” ಎಂದರು. ರೊಟ್ಟಿ ಕಟುಕಟು ಎನ್ನುತ್ತಿತ್ತು. ಹಲ್ಲಿಲ್ಲದವನು ಖಡಕ್ ರೊಟ್ಟಿಯನ್ನು ಸಾರಿನಲ್ಲೋ ಹಾಲಿನಲ್ಲೋ ನೆನೆಸದೆ ಹೇಗೆ ತಿಂದಾನು? ತಾಟು ಹಚ್ಚಿದ್ದು ಮುದುಕ ಸತ್ತ ಮೇಲೆ. ಟಿಕೋಟಾನ ಮುಖ ಹುಳ್ಳಗಾಯಿತು, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಸಾಕ್ಷಿಗಳ ಹೇಳಿಕೆಯನ್ನು ಅವರು ಓದುತ್ತಿರಲಿಲ್ಲ, ತಾವೇ ಸಾಕ್ಷಿಯಾಗುತ್ತಿದ್ದರು. ಮುದುಕಿಯಾದರೆ ಗೂನಿ, ಫೌಜುದಾರನಾದರೆ ಗಡಸು ಗಂಟಲು. ಅಷ್ಟು ತೆಳ್ಳಗಿನ ಹೆಂಗಸಿನೊಳಗಿಂದ ಯಾರ್ಯಾರೋ ಹೊರಗೆ ಬಂದು ಮಾತಾಡಿ ಹೋಗುತ್ತಿದ್ದರು. ಮುಚ್ಚಿದ ಕಿಟಕಿಯ ಆ ಕತ್ತಲೆಯಲ್ಲಿ ಒಮ್ಮೊಮ್ಮೆ ನನಗೆ ನಿಜವಾಗಿ ಹೆದರಿಕೆಯಾಗುತ್ತಿತ್ತು.

ಇನ್ನೊಂದು ಹೆದರಿಕೆ ಒಳಕೋಣೆಯದು. ಪರದೆಯ ಹಿಂದಿನಿಂದ ಅಡಕತ್ತರಿಯ ಸಪ್ಪಳ ಬರುತ್ತಿತ್ತು, ಕಟ್, ಕಟ್, ಎಂದು. ಅಲ್ಲಿ ಮೇಡಂ ಅಣ್ಣ ಇದ್ದ. ನಿಡೋಣಿಯವನು. ಬಹಳ ವರ್ಷಗಳ ಹಿಂದೆ ಅವನ ಹೆಂಡತಿ ಊರ ಬಾವಿಯಲ್ಲಿ ಹೆಣವಾಗಿ ಸಿಕ್ಕಿದ್ದಳು. ಅವನೇ ದಬ್ಬಿದ ಎಂದು ಖಟ್ಲೆ ನಡೆದು, ಸಾಕ್ಷಿ ಸಾಲದೆ ಬಿಡುಗಡೆಯಾಗಿತ್ತು. ಕೋರ್ಟು ಬಿಟ್ಟರೂ ಊರು ಬಿಡಲಿಲ್ಲ. ಅವನಿಗೆ ಯಾರೂ ಚಹಾ ಸಹ ಕೊಡುತ್ತಿರಲಿಲ್ಲವಂತೆ. ಮೇಡಂ ಕೆಲಸ ಸಿಕ್ಕ ಕೂಡಲೇ ಅಣ್ಣನನ್ನು ಇಲ್ಲಿಗೆ ಕರೆತಂದರು, ಮದುವೆಯ ಗೊಡವೆಗೇ ಹೋಗಲಿಲ್ಲ. ಅವನು ಹೊರಗೆ ಬಂದದ್ದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ.

ವರ್ಷಕ್ಕೊಮ್ಮೆ, ಕಡೆಯ ರವಿವಾರ, ಮೇಡಂ ಅದೇ ಬಾವಿಯ ಖಟ್ಲೆಯನ್ನು ಬೇರೆ ಹೆಸರಿಟ್ಟು ಕೊಡುತ್ತಾರೆಂದು ಹಿರಿಯ ವಿದ್ಯಾರ್ಥಿಗಳು ಹೇಳಿದ್ದರು. “ಅಣ್ಣನ ಹೆಸರು ತೊಳ್ಯಾಕ ಒದ್ದಾಡಾಕತ್ತಾರ, ಪಾಪ.” ಪ್ರತಿ ವರ್ಷದ ತಂಡವೂ ಸಂಶಯದ ಲಾಭ ಕೊಟ್ಟು ಕೈ ತೊಳೆದುಕೊಳ್ಳುತ್ತಿತ್ತು. ಆಮೇಲೆ ಮೇಡಂ ವಾರಗಟ್ಟಲೆ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಈ ಸಲ ಆ ಮನುಷ್ಯನನ್ನು ಸಂಶಯವೇ ಉಳಿಯದಂತೆ ಬಿಡಿಸಿಯೇ ತೀರುತ್ತೇನೆಂದು ನಾನು ಪಣ ತೊಟ್ಟಿದ್ದೆ.

ನಮ್ಮ ಸರದಿಯ ದಿನ ಜಮಖಾನೆ ಮೇಲೆ ನೀರು ತುಂಬಿದ ತಾಮ್ರದ ಕೊಡವಿತ್ತು. ಪಕ್ಕದಲ್ಲಿ ಬಕೀಟು, ಅಚ್ಚುಕಟ್ಟಾಗಿ ಸುತ್ತಿಟ್ಟ ಹಗ್ಗ. ಸ್ವಲ್ಪ ದೂರ, ಒಂದು ತಾಟಿನಲ್ಲಿ, ತಲೆಯ ಮೇಲೆ ಕೊಡದ ಕೆಳಗೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬಿ. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

“ಸತ್ತಾಕಿ ಹೆಸರು ಗಂಗವ್ವ,” ಎಂದರು ಮೇಡಂ. ಎದ್ದು ನಿಂತೆವು. ಒಳಗೆ ಅಡಕತ್ತರಿ ನಿಂತಿತು.

“ಕೊಡ, ಹಗ್ಗ, ಬಕೀಟು ಬಾವಿ ಕಟ್ಟಿ ಮ್ಯಾಲ ಹಿಂಗ ಸಿಕ್ಕಾವು. ಸಿಂಬಿ ನೀರಾಗ, ಆಕಿ ಬಾಜೂಕ. ಕಟ್ಟಿ ಒಂದು ಕಡೆ ಬಿದ್ದು ತಗ್ಗ ಆಗಿತ್ತು.”

ಆಮೇಲೆ ಸಾಕ್ಷಿಗಳು ಬಂದರು. ಗಂಡ: “ಮುಂಜಾನಿ ಜಗಳಾ ಆಗಿತ್ರಿ. ನಾ ಬಬಲೇಶ್ವರ ಸಂತಿಗೆ ಹ್ವಾದ್ನಿ.” ದಾರಿಯಲ್ಲಿ ಅವನನ್ನು ಕಂಡವರಿಲ್ಲ. ನೆರೆಮನೆಯಾಕೆ: “ಅತ್ತಿಗಿ ನಾದಿನಿ ದಿನಾ ಜೋಡಿ ನೀರಿಗೆ ಹೋಗ್ತಾರ್ರಿ. ನಾದಿನಿ ಸಣ್ಣಾಕಿ, ಕೊಡ ಎತ್ತಿ ತೆಲಿಗೆ ಹೊರಸಾಕ ಅಷ್ಟ. ಅತ್ತಿ ಹಾಸಿಗಿ ಹಿಡದಾಳ.” ಕಡೆಗೆ ನಾದಿನಿ. ಮೇಡಂ ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಶಾಲೆಯ ಹುಡುಗಿಯ ಹಾಗೆ ನಿಂತರು. “ಅವತ್ತ ನಾ ಸಾಲಿಗೆ ಹೋಗಿದ್ನಿರಿ.” ಐವತ್ತು ದಾಟಿದ ಹೆಂಗಸಿನ ಬಾಯಿಂದ ಎಳೆಯ ಹುಡುಗಿಯ ದನಿ ಬಂತು.

ಟಿಕೋಟಾ ಗಂಡನ ವಕೀಲ. “ನೀರು ಸೇದೂ ಮುಂದ ಕಾಲು ಜಾರೈತ್ರಿ. ಇಲ್ಲಾಂದ್ರ ಜಗಳದ ಸಿಟ್ಟಿಗೆ ಹಾರ್ಯಾಳ. ಗಂಡ ದಬ್ಬಿದ್ದಕ್ಕ ಸಾಕ್ಷಿ ಇಲ್ಲ. ಸಂಶಯದ ಲಾಭ ಕೊಡಬೇಕು.”

ಮೇಡಂ ಕಣ್ಣು ಮುಚ್ಚಿದರು. ನಾನು ಮಾತ್ರ ಆ ಸಿಂಬಿಯನ್ನೇ ನೋಡುತ್ತಿದ್ದೆ. ನಮ್ಮ ಓಣಿಗೆ ನಳ ಬರುವ ಮೊದಲು ಜೈನಾಪುರದಲ್ಲಿ ನಾನೂ ನೀರು ಹೊತ್ತವಳೇ.

“ಜಾರಿಲ್ರಿ,” ಎಂದೆ. “ಹಗ್ಗ ಸುತ್ತಿ ಇಟ್ಟಾಳ. ಸೇದೂದು ಮುಗದೈತಿ. ಹಾರಿನೂ ಇಲ್ಲ. ಸಾಯಾಕ ಬಂದಾಕಿ ಕೊಡ ತುಂಬಿಸಿ ತೆಲಿಗೆ ಸಿಂಬಿ ಇಟಗೊಂತಾಳೇನು?”

“ಸಿಂಬಿ ಮೊದ್ಲಿಂದ ತೆಲಿ ಮ್ಯಾಲ ಇದ್ದೀತು,” ಎಂದ ಟಿಕೋಟಾ.

“ನೀ ಎಂದರ ನೀರು ಹೊತ್ತೀಯೇನಲೇ? ಬಗ್ಗಿ ಸೇದೂ ಮುಂದ ಸಿಂಬಿ ತೆಲಿ ಮ್ಯಾಲ ನಿಂದ್ರತೈತಿ? ತಗದು ಕಟ್ಟಿ ಮ್ಯಾಲ ಇಡ್ತೀವಿ. ಕೊಡ ಹೊರಸವರು ಎದುರಿಗೆ ಬಂದು ನಿಂತ ಮ್ಯಾಲನ ತೆಲಿಗೆ ಇಟಗೊಳ್ಳೂದು. ಅಂದ್ರ ಆಕಿ ಎದುರಿಗೆ ಯಾರೋ ನಿಂತಿದ್ರು.”

“ಗಂಡ!”

“ಯಾ ಊರಾಗ ಗಂಡಸು ಬಾವಿಗೆ ಬಂದು ಹೆಂಡ್ತಿಗೆ ಕೊಡ ಹೊರಸ್ತಾನ? ಅದೂ ಮುಂಜಾನಿ ಜಗಳಾಡಿದಾಂವ? ಅಂವ ಬಂದು ನಿಂತ್ರ ಆಕಿ ತೆಲಿ ಬಗ್ಗಸ್ತಿದ್ಲೇನು? ಎದುರಿಗೆ ನಿಂತಾಕಿ ಹೆಂಗಸು. ದಿನಾ ಹೊರಸಾಕಿ.” ನಾನು ಮೇಡಂ ಕಡೆ ತಿರುಗಿದೆ. “ನಾದಿನಿಗೆ ಪಾಟೀಸವಾಲು ಮಾಡ್ತೀನ್ರಿ.”

ಮೇಡಂ ಎದ್ದು ಮತ್ತೆ ಕೈ ಹಿಂದೆ ಕಟ್ಟಿಕೊಂಡರು.

“ದಿನಾ ನಿಮ್ಮ ಅತ್ತಿಗಿಗೆ ಕೊಡ ಹೊರಸಾಕಿ ಯಾರು?”

“ನಾನ ರೀ,” ಎಂದಿತು ಎಳೆಯ ದನಿ.

“ನೀ ಸಾಲಿಗೆ ಹೋಗಿದ್ರ ಅವತ್ತ ಆಕಿ ಸಿಂಬಿ ಯಾರ ಸಲುವಾಗಿ ಇಟಗೊಂಡ್ಲು?”

ಟಿಕೋಟಾ ಸುಮ್ಮನಿರಲಾರದೆ, “ಹಂಗಾದ್ರ ಹೊರಸೂ ಮುಂದ ಕೈ ಜಾರಿರಬೇಕು, ಪಾಪ,” ಎಂದ.

ವಾದದ ಅಮಲು ನನಗೆ ನೆತ್ತಿಗೇರಿತ್ತು. “ಕೊಡ ಎತ್ತಿದ್ರ ಕೊಡಾನೂ ಬೀಳತಿತ್ತು, ನೀರರ ಚೆಲ್ಲತಿತ್ತು. ತುಂಬಿದ್ದು ತುಂಬಿದಂಗ ನಿಂತೈತಿ ನೋಡು! ಎದುರಿಗೆ ನಿಂತಾಕಿ ಕೊಡಕ್ಕ ಕೈ ಹಚ್ಚೇ ಇಲ್ಲ. ಆ ಕೈ ಎಲ್ಲಿ ಹಚ್ಚಿದ್ಲು? ಹೇಳು, ಅವತ್ತ ಅಲ್ಲಿ ಯಾರಿದ್ರು?”

“ನಾನ ಇದ್ನಿ,” ಎಂದರು ಮೇಡಂ.

ಅದು ಹುಡುಗಿಯ ದನಿಯಾಗಿರಲಿಲ್ಲ. ಗಂಗವ್ವನ ನಾದಿನಿ ಎಂದರೆ ಯಾರು ಎನ್ನುವುದು ಆಗ ನನ್ನ ತಲೆಗೆ ಹೊಳೆಯಿತು. ನಾನೊಬ್ಬ ಹುಚ್ಚಿ! ಅಣ್ಣನ ಖಟ್ಲೆಯೆಂದು ಗೊತ್ತಿದ್ದೂ ತಂಗಿ ಯಾರೆಂದು ಯೋಚಿಸಿರಲಿಲ್ಲ.

ಪರದೆ ಸರಿಯಿತು. ಬಿಳಿ ಗಡ್ಡದ, ಬಿಸಿಲು ಕಾಣದೆ ಬಿಳಿಚಿಕೊಂಡ ಮನುಷ್ಯ ಹೊರಗೆ ಬಂದ. ತಂಗಿಯ ಕಡೆ ನೋಡಲಿಲ್ಲ. ನನ್ನನ್ನು ಕೇಳಿದ: “ಯವ್ವಾ, ಶಾವಂತ್ರಿ ಮನಿಗೆ ಬರಾಕ ಹೊಂಟಿದ್ಲೇನು?”

ಅವಳ ನಿಜವಾದ ಹೆಸರನ್ನು ನಾವು ಕೇಳಿದ್ದು ಅದೇ ಮೊದಲು. “ಹೌದ್ರಿ ಕಾಕಾ,” ಎಂದೆ. “ನೀರು ತಗೊಂಡು ಮನಿಗೇ ಬರಾಕ ಹೊಂಟಿದ್ರು.”

“ಅವತ್ತ ನಾ ಆಕಿ ಮ್ಯಾಲ ಕೈ ಮಾಡಿದ್ನಿ. ಆ ಸಿಟ್ಟಿಗೆ ಹಾರ್ಯಾಳ ಅಂತ ತಿಳಕೊಂಡಿದ್ನಿ. ಊರವರು ಕೊಲೆಗಡಕ ಅಂದ್ರೂ ಸುಮ್ಮ ಇದ್ನಿ, ಖರೇನ ಐತಿ ಅಂತ.” ನೆಲಕ್ಕೆ ಕುಸಿದು ಕೂತು ಸಣ್ಣ ಮಗುವಿನ ಹಾಗೆ ಅತ್ತ. ಆಮೇಲೆ ತಲೆಯೆತ್ತಿ ತಂಗಿಯನ್ನು ನೋಡಿದ. “ಯಾಕ ಬೇ?”

ಮೇಡಂ ತಮ್ಮ ಕೈಗಳನ್ನು ನೋಡಿಕೊಂಡರು. “ಗೊತ್ತಿಲ್ಲಣ್ಣಾ. ಆಕಿ ತೆಲಿ ಬಗ್ಗಿಸಿ ನಗಾಕತ್ತಿದ್ಲು. ನನಗೇನೂ ಸಿಟ್ಟ ಇರಲಿಲ್ಲ. ದಬ್ಬಿದ್ನಿ. ಯಾಕ ಅಂತ ಇವತ್ತಿಗೂ ಹುಡುಕಾಕತ್ತೀನಿ.” ಆಮೇಲೆ ನನ್ನತ್ತ ತಿರುಗಿದರು. “ಜೈನಾಪುರ, ಖಟ್ಲೆ ಬಿಡಿಸಿದಾಕಿ ನೀ. ತೀರ್ಪು ಹೇಳು.”

ತೀರ್ಪು ಹೇಳದೆ, ಸಾಮಾನೆಲ್ಲ ಹಾಗೇ ಬಿಟ್ಟು ನಾವು ಓಣಿಯ ಬಿಸಿಲಿಗೆ ಬಂದುಬಿಟ್ಟೆವು.

ಮರುದಿನ ಅಣ್ಣ ನಿಡೋಣಿಗೆ ಹೋದ. ಮೇಡಂ ತಾವೇ ಠಾಣೆಗೆ ಹೋಗಿ ಎಲ್ಲ ಹೇಳಿದರಂತೆ. ಅಲ್ಲಿ ಯಾರೂ ನಂಬಲಿಲ್ಲ. ಅಣ್ಣನನ್ನು ಉಳಿಸಲು ತಲೆಕೆಟ್ಟ ಮಾತಾಡುತ್ತಿದ್ದಾರೆಂದು ಚಹಾ ಕುಡಿಸಿ, ಆಟೋ ಹತ್ತಿಸಿ ಕಳಿಸಿದರಂತೆ. ಅವರು ಕಾಲೇಜು ಬಿಟ್ಟರು. ನಾನು ವಕೀಲಳಾದೆ. ಕೋರ್ಟಿಗೆ ಹೋಗುವಾಗ ಅವರ ಮನೆ ತಪ್ಪಿಸಿ ಬೇರೆ ಓಣಿ ಹಿಡಿದು ಹೋಗುತ್ತಿದ್ದೆ. ಕೊಲೆ ಮಾಡಿದವರು ಎನ್ನುವ ಹೆದರಿಕೆಯಿಂದಲ್ಲ. ನನಗೆ ಅವರ ಮೇಲೆ ಅಷ್ಟೇ ಪ್ರೀತಿ ಉಳಿದಿತ್ತು, ಅದನ್ನು ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ.

ಕಳೆದ ಮಳೆಗಾಲದಲ್ಲಿ ದವಾಖಾನೆಯಿಂದ ಕರೆ ಬಂತು, ಮೇಡಂ ನನ್ನನ್ನು ಕೇಳುತ್ತಿದ್ದಾರೆ ಎಂದು. ಹೋದೆ. ಹಾಸಿಗೆಯಲ್ಲಿ ಮನುಷ್ಯರೇ ಇಲ್ಲವೇನೋ ಎನ್ನುವಷ್ಟು ಸಣ್ಣಗಾಗಿದ್ದರು.

“ಅಣ್ಣ ಬಂದಿದ್ರೇನ್ರಿ?”

“ವರ್ಷಾ ಒಂದು ಚೀಲ ಜೋಳ ಕಳಸ್ತಾನ. ಮಾತು ಕಳಸೂದಿಲ್ಲ.” ಉಸಿರು ಎಳೆದುಕೊಂಡರು. “ಜೈನಾಪುರ, ತೀರ್ಪು ಬಾಕಿ ಐತಿ.”

ನಾನು ಏನೇನೋ ಹೇಳಿದೆ. ಆಗ ನೀವು ಸಣ್ಣವರು, ಬರೀ ಹುಡುಗಿ ಎಂದೆ. ಇಷ್ಟು ವರ್ಷ ಅಣ್ಣನನ್ನು ಸಾಕಿದಿರಿ, ನಮ್ಮಂಥ ಎಷ್ಟು ಮಂದಿಗೆ ಅನ್ನದ ದಾರಿ ಮಾಡಿದಿರಿ ಎಂದೆ. ಅವರು ಕೈಯೆತ್ತಿ ತಡೆದರು.

“ವಕೀಲಕಿ ಮಾಡಬ್ಯಾಡ. ಎಲ್ಲಾರೂ ನನಗ ಚಹಾನ ಕುಡಿಸಿ ಕಳಿಸ್ಯಾರ. ಒಬ್ಬರರ ಹೇಳ್ರೆ.”

ಅವರ ಕೈಯನ್ನು ನನ್ನೆರಡೂ ಕೈಗಳಲ್ಲಿ ಹಿಡಿದುಕೊಂಡೆ. ಬೆಚ್ಚಗಿತ್ತು, ಎಲ್ಲರ ಕೈಯ ಹಾಗೆಯೇ ಇತ್ತು.

“ಅಪರಾಧಿ, ಮೇಡಂ,” ಎಂದೆ.

“ಹಾಂ,” ಎಂದರು. ಬಿಗಿದ ಮುಖ ಸಡಿಲಾಯಿತು. “ಶಾಣ್ಯಾಕಿ ಅದಿ. ಹೋಗು ಈಗ, ನಾ ಒಂದೀಟು ಮಲಗ್ತೀನಿ.”